ಏಳನೇ ಕಟ್ಟಡದ ಮಳೆತೋಟ

ಬಚ್ಚಲಲ್ಲಿ ಕೆಂಪು ಬಕೆಟ್ಟು ಇರಲಿಲ್ಲ. ವೆನ್‌ಜುವಾನ್ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಬಾಲ್ಕನಿಗೆ ಬಂದು, ವಾಷಿಂಗ್ ಮಿಷನ್ನಿನ ಮೇಲೆ ಮೊಣಕೈಯೂರಿ ಕೆಳಗೆ ಬಗ್ಗಿ ನೋಡಿದಳು. ಅನುಮಾನ ಸುಳ್ಳಾಗಲಿಲ್ಲ. ಹೊಸ ಮಳೆತೋಟದ ಅಂಚಿನಲ್ಲಿ ಅತ್ತೆ ಸುಯಿಂಗ್ ಕುಕ್ಕರಗಾಲಲ್ಲಿ ಕೂತಿದ್ದಳು, ಪಕ್ಕದಲ್ಲಿ ಬಕೆಟ್ಟು. ಮುದುಕಿ ಅತ್ತಿತ್ತ ನೋಡಿ, ಬಕೆಟ್ಟಿನಿಂದ ಏನನ್ನೋ ಮೊಗೆದು ಗಿಡಗಳ ಮೇಲೆ ಸುರಿದು, ಸೊಂಟ ಹಿಡಿದುಕೊಂಡು ಎದ್ದಳು.

"ಏಯ್ ಶಿಲಿನ್, ಎದ್ದೇಳು. ನಿಮ್ಮಮ್ಮ ಇವತ್ತೂ ಇಳಿದಿದಾರೆ."

ಗಂಡ ಹೊದಿಕೆಯೊಳಗಿಂದಲೇ ಗೊಣಗಿದ. "ವಾಕಿಂಗ್ ಹೋಗಿರ್ತಾಳೆ, ಬಿಡು."

"ಬಕೆಟ್ ಹಿಡ್ಕೊಂಡು ವಾಕಿಂಗ್ ಹೋಗೋರನ್ನ ನೀನೆಲ್ಲಿ ನೋಡಿದೀಯ?"

ಸುಯಿಂಗ್ ಮೇಲೆ ಬಂದು, ಬಕೆಟ್ಟನ್ನು ಬೋರಲು ಹಾಕಿ, ಕೈತೊಳೆದು ಗಂಜಿಯ ಮುಂದೆ ಕೂತಾಗಲೂ ಅವಳ ಉಗುರಿನ ಸಂದಿಯಲ್ಲಿ ಮಣ್ಣಿತ್ತು. ಮೂಲಂಗಿ ಉಪ್ಪಿನಕಾಯಿಯ ಬಟ್ಟಲನ್ನು ವೆನ್‌ಜುವಾನ್ ಅವಳ ಕಡೆ ತಳ್ಳಿದಳು.

"ಎಲ್ಲಿಗೆ ಹೋಗಿದ್ರಿ ಅಮ್ಮ?"

"ಕೆಳಗೆ."

"ಬಕೆಟ್ಟು?"

"ಅದೂ ನನ್ ಜೊತೆ ಬಂದಿತ್ತು."

ಹದಿನಾಲ್ಕರ ಯಾಯಾ ಗಂಜಿಯೊಳಗೇ ಕಿಸಕ್ಕನೆ ನಕ್ಕಳು. ತಾಯಿ ಕಣ್ಣು ಬಿಟ್ಟಳು. ಸುಯಿಂಗ್ ಮಾತ್ರ ಏನೂ ಆಗದವಳಂತೆ ತೋಫುವಿನ ಡಬ್ಬಿ ತೆಗೆದು ಮೊಮ್ಮಗಳ ಮೂಗಿಗೆ ಹಿಡಿದಳು. "ಮೂಸಿ ಹೇಳು ಮಗೂ, ಹಳಸಿದೆಯಾ?" ಮದುವೆಗೆ ಮುಂಚಿನಿಂದ ರೇಷ್ಮೆ ಗಿರಣಿಯಲ್ಲಿ ಬೆಂದ ಗೂಡುಗಳ ಕೊಪ್ಪರಿಗೆಯ ಮುಂದೆ ನಿಂತು ನಿಂತು ಅವಳ ಮೂಗು ಕೆಟ್ಟುಹೋಗಿತ್ತು. ಮೀನು ನಾರಿದರೂ ಅವಳಿಗೆ ತಿಳಿಯುತ್ತಿರಲಿಲ್ಲ, ಮೊಮ್ಮಗಳ ಮೂಗೇ ಅವಳ ಮೂಗು.

"ಚೆನ್ನಾಗಿದೆ ಅಜ್ಜಿ. ನನ್ನ ಯೂನಿಫಾರ್ಮಿನ ವಾಸನೆಗಿಂತ ಚೆನ್ನಾಗಿದೆ," ಎಂದಳು ಯಾಯಾ. "ಕ್ಲಾಸಲ್ಲಿ ನನ್ನ ಹೂವಿನಂಗಡಿ ಅಂತ ಕರೀತಾರೆ ಅಮ್ಮ. ಆ ಲ್ಯಾವೆಂಡರ್ ಸೋಪು ಸ್ವಲ್ಪ ಕಮ್ಮಿ ಹಾಕಬಾರದಾ?"

"ಬಿಟ್ಟಿ ಬಂದಿರೋದು. ಹಾಕ್ದೆ ಏನ್ಮಾಡ್ಲಿ, ಪಾಯಸ ಮಾಡ್ಲಾ?" ವೆನ್‌ಜುವಾನ್ ಸೂಪರ್‌ಮಾರ್ಕೆಟ್ಟಿನಲ್ಲಿ ಕ್ಯಾಷಿಯರ್. ಮಹಿಳಾ ದಿನಕ್ಕೆಂದು ಅಂಗಡಿಯವರು ಹೆಂಗಸರಿಗೆಲ್ಲ ಬಟ್ಟೆ ಒಗೆಯುವ ಸೋಪಿನ ದ್ರವವನ್ನು ರಟ್ಟಿನ ಪೆಟ್ಟಿಗೆ ತುಂಬ ಕೊಟ್ಟಿದ್ದರು. ಒಂದು ಮುಚ್ಚಳ ಹಾಕುವಲ್ಲಿ ಅವಳು ಎರಡು ಹಾಕುತ್ತಿದ್ದಳು. ಮನೆಯ ಬಟ್ಟೆಯ ಪರಿಮಳ ಮೆಟ್ಟಿಲವರೆಗೂ ಬರುತ್ತದೆ ಎಂಬ ಹೆಮ್ಮೆ ಅವಳಿಗೆ.

ಈ ಮನೆಗೆ ಅನುಮಾನ ಹೊಕ್ಕಿದ್ದು ಮಳೆತೋಟದ ಜೊತೆಗೇ. ರೇಷ್ಮೆ ಗಿರಣಿಯ ಹಳೆಯ ವಸತಿ ಕಟ್ಟಡಗಳು ಝೆನ್‌ಜಿಯಾಂಗ್ ಊರಿನ ತಗ್ಗಿನಲ್ಲಿವೆ. ಪ್ಲಮ್ ಹಣ್ಣಾಗುವ ಕಾಲಕ್ಕೆ ಮಳೆ ಹಿಡಿದರೆ ಏಳನೇ ಕಟ್ಟಡದ ನೆಲಮಹಡಿಯ ಪಾನ್ ಮುದುಕನ ಮನೆಯಲ್ಲಿ ಚಪ್ಪಲಿಗಳು ತೇಲುತ್ತಿದ್ದವು. ಹಿಂದಿನ ವರ್ಷ ಸರ್ಕಾರದವರು ಬಂದು, ಇನ್ನು ಊರೇ ಸ್ಪಂಜಿನ ಹಾಗೆ ಮಳೆ ಕುಡಿಯಬೇಕು ಎಂದರು. ಅಂಗಳದ ಸಿಮೆಂಟು ಕಿತ್ತು ನೀರಿಂಗುವ ಇಟ್ಟಿಗೆ ಹಾಸಿದರು. ಕಟ್ಟಡಗಳ ಬುಡದಲ್ಲಿ ತಗ್ಗು ತೋಡಿ, ಜಲ್ಲಿ ಮರಳು ತುಂಬಿ, ನೀರು ನಿಂತರೂ ತಡೆಯುವ ಹುಲ್ಲು, ಹಳದಿ ಹೂವಿನ ಗಿಡ ನೆಟ್ಟರು. ನೇರ ಚರಂಡಿಗೆ ಹೋಗುತ್ತಿದ್ದ ಮಳೆಕೊಳವೆಗಳನ್ನು ಕತ್ತರಿಸಿ, ಬಾಯಿ ಚಂದಕಾಣಲೆಂದು ಬೆಣಚುಕಲ್ಲುಗಳೊಳಗೆ ಹುದುಗಿಸಿ, ನೀರು ತೋಟಕ್ಕೆ ಬೀಳುವ ಹಾಗೆ ಮಾಡಿದರು. ಇದಕ್ಕೆಲ್ಲ ಮನೆಮನೆ ಅಲೆದು ಜನರನ್ನು ಒಪ್ಪಿಸಿದವನು ಶಿಲಿನ್. ಬಸ್ ಡಿಪೋದಲ್ಲಿ ಹಗಲೆಲ್ಲ ಡ್ರೈವರುಗಳ ಜೊತೆ ಗುದ್ದಾಡಿ ಬಂದು, ಸಂಜೆ ಕಟ್ಟಡದ ಮುಖ್ಯಸ್ಥನೆಂಬ ಬಿರುದು ಹೊತ್ತು ಮೆಟ್ಟಿಲು ಹತ್ತಿಳಿಯುವುದು ಅವನ ಹಣೆಬರಹ.

ಆ ತೋಟ ಬಂದ ಜಾಗದಲ್ಲಿ ಮುಂಚೆ ಇದ್ದದ್ದು ಸುಯಿಂಗಳ ತರಕಾರಿ ಮಡಿ. ಬಟಾಣಿ, ಎಳೆ ಬೆಳ್ಳುಳ್ಳಿ, ಮಳೆಕೊಳವೆಗೆ ಹಬ್ಬಿಸಿದ ಹೀರೆಬಳ್ಳಿ, ಎಲ್ಲಕ್ಕಿಂತ ಹೆಚ್ಚಾಗಿ ಅವಳ ಪ್ರಾಣವಾದ ಬೆಳ್ಳುಳ್ಳಿಹುಲ್ಲು. ನೋಡಿದರೆ ಹುಲ್ಲು, ಮೂಸಿದರೆ ಬೆಳ್ಳುಳ್ಳಿ, ಕಡುಬಿಗೆ ಅದಿಲ್ಲದಿದ್ದರೆ ಅದು ಕಡುಬೇ ಅಲ್ಲ ಎನ್ನುವವಳು ಅವಳು. ಮುಖ್ಯಸ್ಥನ ತಾಯಿಯ ಮಡಿಯೇ ಮೊದಲು ಹೋಗದಿದ್ದರೆ ಊರವರ ಮಡಿ ಹೋಗುವುದುಂಟೇ? ಸತ್ತವರ ಸಮಾಧಿ ಗುಡಿಸುವ ಹಬ್ಬಕ್ಕೆ ಸುಯಿಂಗ್ ಉತ್ತರದ ತವರಿಗೆ ಹೋದ ದಿನ ನೋಡಿ ಮಗ ಜೆಸಿಬಿ ಕರೆಸಿಬಿಟ್ಟ. ಅವಳು ವಾಪಸು ಬಂದು, ಕೆಂಪು ಮಣ್ಣಿನ ಹೊಂಡ ನೋಡಿ, ಒಂದು ಮಾತೂ ಆಡಲಿಲ್ಲ.

ಆ ಮೌನವೇ ವೆನ್‌ಜುವಾನಳಿಗೆ ಬೆಂಕಿ ಹಚ್ಚಿದ್ದು. ಕೂಗಾಡಿದ್ದರೆ, ಪಾತ್ರೆ ಎಸೆದಿದ್ದರೆ ಅದೊಂದು ಬಗೆ. ಈ ಮುದುಕಿ ಬಾಯಿ ಮುಚ್ಚಿಕೊಂಡಿದ್ದಾಳೆ ಅಂದರೆ ಏನೋ ಮಸಲತ್ತು ನಡೆದಿದೆ ಎಂದೇ ಅವಳ ಲೆಕ್ಕ.

*

ಮೇ ತಿಂಗಳು ಮುಗಿಯುವಷ್ಟರಲ್ಲಿ ತೋಟ ಎರಡು ಬಣ್ಣವಾಯಿತು. ಮೆಟ್ಟಿಲಿನ ಆಚೆಯ ಕಡೆ ಹುಲ್ಲು ಮೊಣಕಾಲೆತ್ತರ ಬೆಳೆದು ಹೂಬಿಟ್ಟರೆ, ಈಚೆಯ ಕಡೆ, ಇವರ ಬಾಲ್ಕನಿಯ ಕೆಳಗೆ, ಎಲೆಯ ತುದಿ ಸುಟ್ಟು ಹಳದಿಯಾಗಿ ನೆಲಕ್ಕೆ ಒರಗಿತು. ಒಂದು ಭಾನುವಾರ ಪಾನ್ ಮುದುಕ ಅಂಗಳದಲ್ಲಿ ನಿಂತು ಗಂಟಲು ಹರಿದುಕೊಂಡ. ನೆರೆಯವರು ಸೇರಿದರು, ಬಡಾವಣೆ ಸಮಿತಿಯ ಚಿಯಾವೋ ಮೇಡಂ ಕೊಡೆ ಹಿಡಿದುಕೊಂಡೇ ಬಂದಳು.

"ನೋಡಿ ಮೇಡಂ, ನೋಡಿ! ಯಾರೋ ಬೇಕು ಅಂತಲೇ ವಿಷ ಹಾಕ್ತಿದಾರೆ. ಮೊನ್ನೆ ಇಲ್ಲಿ ನೊರೆ ಇತ್ತು, ಬಿಳೀ ನೊರೆ! ಸಾಯೋ ತೋಟಕ್ಕಿಂತ ಸಿಮೆಂಟೇ ವಾಸಿ. ನನ್ನ ಮಗನ ಕಾರಾದ್ರೂ ನಿಲ್ಲುತ್ತೆ."

"ಜುಲೈಗೆ ಜಿಲ್ಲೆಯವರು ತಪಾಸಣೆಗೆ ಬರ್ತಾರೆ," ಎಂದಳು ಚಿಯಾವೋ ಮೇಡಂ. "ಆಗ ಹೀಗೇ ಇದ್ರೆ ಈ ಕಟ್ಟಡದೋರಿಗೆ ತೋಟ ಬೇಡವಂತೆ ಅಂತ ಬರ್ಕೊಂಡು ಹೋಗ್ತಾರೆ, ಅಷ್ಟೇ. ಶಿಲಿನ್, ಜವಾಬ್ದಾರಿ ನಿಂದು ತಾನೆ?"

"ಆಚೆ ಕಡೆ ಚೆನ್ನಾಗಿದೆಯಲ್ಲ ಮೇಡಂ, ಮಣ್ಣಿನ ದೋಷ ಇರಬಹುದು..." ಎಂದು ಶಿಲಿನ್ ತಲೆ ಕೆರೆದುಕೊಂಡ.

"ಮಣ್ಣಿನ ದೋಷ ಅಲ್ಲಪ್ಪ, ಮನುಷ್ಯರ ದೋಷ," ಎಂದ ಪಾನ್. "ಬೆಳಗಾಗ ಬಕೆಟ್ ಹಿಡ್ಕೊಂಡು ಇಲ್ಲಿ ಯಾರು ಕೂರ್ತಾರೆ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?"

ಎಲ್ಲರೂ ಸುಯಿಂಗಳ ಕಡೆ ತಿರುಗಿದರು. ಮುದುಕಿ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು.

"ನಾನು ಹಾಕೋದು ನೀರು," ಎಂದಳು. "ಬರೀ ನೀರು."

"ಪ್ಲಮ್ ಮಳೆ ಹಿಡಿಯೋ ಕಾಲದಲ್ಲಿ ಗಿಡಕ್ಕೆ ನೀರು ಹಾಕೋರು ಉಂಟಾ?" ಪಾನ್ ನಕ್ಕ. ಜನವೂ ನಕ್ಕಿತು.

ಆ ನಗು ವೆನ್‌ಜುವಾನಳ ಮೈಗೆ ಹತ್ತಿತು. ಇವತ್ತು ಸುಮ್ಮನಿದ್ದರೆ ನಾಳೆ ಮನೆಮಂದಿಯೆಲ್ಲ ಸೇರಿ ವಿಷ ಹಾಕಿದರು ಎನ್ನುತ್ತಾರೆ ಎಂದು ಅವಳಿಗೆ ಅನ್ನಿಸಿತು. ನಾಲಿಗೆ ಜಾರಿತೋ, ಬೇಕೆಂದೇ ಬಿಟ್ಟಳೋ, ಅವಳಿಗೇ ಗೊತ್ತು.

"ನಾನೂ ಎಷ್ಟು ಸಲ ಹೇಳಿದೀನಿ," ಎಂದಳು ಎಲ್ಲರೆದುರು. "ನನ್ ಕಣ್ಣಾರೆ ನೋಡಿದೀನಿ, ಹಾಕೋದನ್ನ. ನನ್ ಮಾತು ಯಾಯಾಳ ಅಜ್ಜಿ ಎಲ್ಲಿ ಕೇಳ್ತಾರೆ?"

ಸುಯಿಂಗಳ ಕೈಯ ಬಟಾಣಿ ನಿಂತಿತು. ಅಮ್ಮ ಎಂದು ಕರೆಯುತ್ತಿದ್ದ ಬಾಯಿ ಇಷ್ಟು ಜನರ ಮುಂದೆ ಯಾಯಾಳ ಅಜ್ಜಿ ಎಂದಿತ್ತು. ಅವಳು ಸಿಪ್ಪೆಯನ್ನೆಲ್ಲ ಸೆರಗಿಲ್ಲದ ಮೇಲಂಗಿಯ ಮಡಿಲಲ್ಲಿ ಕಟ್ಟಿಕೊಂಡು, ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು.

*

ರಾತ್ರಿಯೂಟಕ್ಕೆ ಹಂದಿಮಾಂಸದ ಕೆಂಪು ಸಾರಿತ್ತು. ಯಾರ ಊಟದ ಕಡ್ಡಿಯೂ ಮಾಂಸಕ್ಕೆ ಹೋಗಲಿಲ್ಲ.

"ಅಮ್ಮ, ಒಂದು ಸಲ ನಿಜ ಹೇಳಿಬಿಡು," ಎಂದ ಶಿಲಿನ್. "ಸಿಟ್ಟಿದ್ರೆ ನನಗೆ ಬಯ್ಯಿ, ಹೊಡಿ. ಗಿಡ ಏನ್ ಮಾಡಿತ್ತು?"

"ನನ್ ಬಟಾಣಿ ನಿನಗೇನ್ ಮಾಡಿತ್ತು?"

"ನೋಡಿದ್ಯಾ! ಅದೇ, ಒಳಗೆ ಅದೇ ಇದೆ," ಎಂದಳು ವೆನ್‌ಜುವಾನ್.

ಸುಯಿಂಗ್ ಸೊಸೆಯ ಕಡೆ ನೋಡಲೇ ಇಲ್ಲ, ಮಗನಿಗೇ ಹೇಳಿದಳು. "ಆ ಪಾನ್ ಮೇಲೆ ಕಣ್ಣಿಡು. ಕಾರ್ ನಿಲ್ಸೋಕೆ ಜಾಗ ಬೇಕಾಗಿರೋದು ಅವನಿಗೆ. ಸೋಪು ಸುರೀತಿರೋನು ಅವನೇ. ತಾನು ಕಳ್ಳ, ಪರರ ನಂಬ."

"ನಿಮಗೆ ಹೇಗೆ ಗೊತ್ತು ಅದು ಸೋಪು ಅಂತ?" ವೆನ್‌ಜುವಾನ್ ಪಟ್ಟನೆ ಹಿಡಿದಳು. "ಅವರು ವಿಷ ಅಂದ್ರು, ನೊರೆ ಅಂದ್ರು. ಸೋಪು ಅಂತ ಯಾರೂ ಅಂದಿಲ್ಲ."

ಮುದುಕಿ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. ಸಿಕ್ಕಿಬಿದ್ದಳು ಎಂದುಕೊಂಡಳು ವೆನ್‌ಜುವಾನ್. ಗಂಡನ ಕಡೆ ಹುಬ್ಬು ಹಾರಿಸಿದಳು.

"ಅಜ್ಜಿ ಹಾಗೆ ಮಾಡಲ್ಲ," ಎಂದಳು ಯಾಯಾ.

"ನೀನು ಓದೋದು ನೋಡ್ಕೋ. ಮುಂದಿನ ವರ್ಷ ಪರೀಕ್ಷೆ, ಓದೋಕೆ ಒಂದು ಮೂಲೆಯಿಲ್ಲ ಈ ಮನೇಲಿ."

ಮೂಲೆಯ ಮಾತು ಬಂದಿದ್ದು ಹಾಗೆ. ಎರಡು ಕೋಣೆ ಮತ್ತು ಒಂದು ಗೂಡಿನಂಥ ಸಣ್ಣ ಕೋಣೆಯ ಮನೆ ಅದು. ಗೂಡಿನಲ್ಲಿ ಸುಯಿಂಗಳ ಮಂಚ. ಮಗಳು ಅಪ್ಪ ಅಮ್ಮನ ಕೋಣೆಯಲ್ಲಿ ಪರದೆಯ ಆಚೆ ಮಲಗುತ್ತಾಳೆ. ಆ ರಾತ್ರಿ ಗಂಡ ಹೆಂಡತಿ ಪಿಸುಮಾತಿನಲ್ಲಿ ಗುದ್ದಾಡಿ ಕೊನೆಗೊಂದು ದಾರಿ ಕಂಡುಕೊಂಡರು. ಜಿಲ್ಲೆಯವರ ತಪಾಸಣೆ ಮುಗಿಯುವ ತನಕ ಅತ್ತೆ ನದಿಯಾಚೆ ಯಾಂಗ್‌ಝೌನಲ್ಲಿ ತನ್ನ ಮಗಳ ಮನೆಯಲ್ಲಿರಲಿ. ಗಿಡ ಚಿಗುರಿದರೆ ಕಳ್ಳಿ ಯಾರೆಂದು ಊರಿಗೆ ತಾನೇ ತಿಳಿಯುತ್ತದೆ, ಬಾಯಿ ಬಡಿದುಕೊಳ್ಳುವುದು ಬೇಡ. ತಪಾಸಣೆ ಮುಗಿದ ಮೇಲೆ ಕರೆದುಕೊಂಡು ಬಂದರಾಯಿತು ಎಂದ ಶಿಲಿನ್. ಹೂಂ ಎಂದಳು ವೆನ್‌ಜುವಾನ್. ಮರುದಿನವೇ ಹೋಗಿ ಓದುವ ಮೇಜಿಗೆ ಹೇಳಿ ಬಂದಳು. ಮೇಜು ಗೂಡಿಗೆ ಹೋದರೆ ಮಂಚ ಮತ್ತೆ ಒಳಗೆ ಹಿಡಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು, ಶಿಲಿನ್‌ಗೂ ಗೊತ್ತಿತ್ತು.

ಸುಯಿಂಗಳಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು. "ವಾಪಸ್ ಬರೋದು ಯಾವಾಗ?"

"ಬರೋದು... ಬರೋದಿದ್ದೇ ಇದೆಯಲ್ಲಮ್ಮ," ಎಂದ ಮಗ.

"ಸರಿ," ಎಂದಳು ಮುದುಕಿ. ಆಮೇಲೆ ಗೂಡಿಗೆ ಹೋಗಿ, ಗಂಡನ ಫೋಟೋವನ್ನು ಗೋಡೆಯಿಂದ ಇಳಿಸಿ, ಹಳೆಯ ರೇಷ್ಮೆ ಹೊದಿಕೆಯಲ್ಲಿ ಸುತ್ತಿದಳು. ನಾಕು ದಿನಕ್ಕೆ ಹೋಗುವವರು ಫೋಟೋ ಇಳಿಸುವುದಿಲ್ಲ.

*

ಜೂನ್ ನಡುವಿನಲ್ಲಿ ಮಳೆ ಹಿಡಿಯಿತು. ಗೋಡೆ ಬೆವರಿತು, ಅಕ್ಕಿಗೆ ಹುಳ ಬಿತ್ತು, ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ ಮುಗ್ಗಲು ಹಿಡಿಯಿತು. ಮುಗ್ಗಲು ವಾಸನೆಗೆ ಹೆದರಿ ವೆನ್‌ಜುವಾನ್ ಸೋಪಿನ ದ್ರವ ಮೂರು ಮುಚ್ಚಳಕ್ಕೇರಿಸಿದಳು. ಒಂದು ಮಧ್ಯಾಹ್ನವಂತೂ ಆಕಾಶವೇ ಕಳಚಿಬಿದ್ದ ಹಾಗೆ ಸುರಿಯಿತು. ಪಾನ್ ಅಭ್ಯಾಸಬಲದಿಂದ ಅಕ್ಕಿಮೂಟೆಯನ್ನು ಮಂಚದ ಮೇಲಿಟ್ಟು, ಪ್ಯಾಂಟು ಮಡಿಸಿ ಬಾಗಿಲಲ್ಲಿ ಕಾದ. ನೀರು ಬರಲೇ ಇಲ್ಲ. ತಗ್ಗಿನ ತೋಟ ಕೆರೆಯಂತೆ ತುಂಬಿತು, ಇಟ್ಟಿಗೆಗಳ ಸಂದಿ ಗುಳುಗುಳು ಎಂದಿತು, ಸಂಜೆಯೊಳಗೆ ಎಲ್ಲ ಇಂಗಿಹೋಯಿತು. ಮುದುಕ ಒಣ ಹೊಸ್ತಿಲ ಮೇಲೆ ಪೆಚ್ಚಾಗಿ ನಿಂತಿದ್ದನ್ನು ಶಿಲಿನ್ ಮೇಲಿಂದ ನೋಡಿ ಒಬ್ಬನೇ ನಕ್ಕ.

"ಏನ್ ಪಾನ್ ಮಾವ, ಚಪ್ಪಲಿ ತೇಲ್ತಾ?"

"ಒಂದು ಮಳೆಗೆ ಕುಣೀಬೇಡ," ಎಂದ ಪಾನ್. "ಸೊಳ್ಳೆ ಬರುತ್ತೆ ನೋಡ್ತಿರು. ಅಲ್ಲಯ್ಯಾ, ಅರ್ಧ ತೋಟ ಸತ್ತಿದೆ, ಅದಕ್ಕೇನ್ ಹೇಳ್ತೀಯ?"

ಮಳೆ ಬಂದ ದಿನ ಗಿಡ ತಲೆಯೆತ್ತುತ್ತಿತ್ತು, ಮಳೆ ಬಿಟ್ಟರೆ ಮತ್ತೆ ಒರಗುತ್ತಿತ್ತು. ಮಳೆ ಬಂದ ದಿನ ಸುಯಿಂಗ್ ಬಕೆಟ್ಟು ಮುಟ್ಟುವುದಿಲ್ಲ ಎಂಬುದನ್ನು ವೆನ್‌ಜುವಾನ್ ಗಮನಿಸಿದಳು. ಬಕೆಟ್ಟು ಇಳಿಯದ ದಿನ ಗಿಡಕ್ಕೆ ಜೀವ! ಇನ್ನೇನು ಸಾಕ್ಷಿ ಬೇಕು? ಯಾಂಗ್‌ಝೌನ ನಾದಿನಿಗೆ ಫೋನ್ ಮಾಡಿ ದಿನ ಗೊತ್ತುಮಾಡಿದಳು.

*

ಸುಯಿಂಗಳದು ಉತ್ತರದ ಕಡೆಯ ಸಂಪ್ರದಾಯ. ಹೊರಡುವವರಿಗೆ ಕಡುಬು, ಬಂದವರಿಗೆ ನೂಡಲ್ಸ್. ಮಗನ ಮದುವೆಯಾದ ವಾರ ವೆನ್‌ಜುವಾನ್ ಈ ಮನೆಗೆ ಕಾಲಿಟ್ಟಾಗ ಅತ್ತೆ ಮೊದಲು ಮುಂದಿಟ್ಟದ್ದು ನೂಡಲ್ಸಿನ ಬಟ್ಟಲನ್ನೇ, ಮೇಲೊಂದು ಮೊಟ್ಟೆ. "ಇದು ಕಾಲಿಗೆ ಸುತ್ಕೊಂಡು ಇಲ್ಲೇ ನಿಲ್ಸುತ್ತೆ," ಎಂದು ನಕ್ಕಿದ್ದಳು. ಈಗ ತನ್ನ ಕಡುಬನ್ನು ತಾನೇ ಮಾಡಿಕೊಂಡು ಹೊರಡುತ್ತೇನೆಂದು ಕೂತಳು.

ಹೊರಡುವ ದಿನ ಬೆಳಿಗ್ಗೆ ಮಳೆ ಇರಲಿಲ್ಲ. ವೆನ್‌ಜುವಾನ್ ಎದ್ದವಳೇ ಬಟ್ಟೆಯನ್ನು ಮಿಷನ್ನಿಗೆ ಹಾಕಿ ಅಡುಗೆಮನೆಗೆ ಬಂದಳು. ಸುಯಿಂಗ್ ಆಗಲೇ ಕೆಳಗಿಳಿದು ಬಂದು ಹಿಟ್ಟು ನಾದುತ್ತಿದ್ದಳು. ಬೋಗುಣಿಯಲ್ಲಿ ಬೆಳ್ಳುಳ್ಳಿಹುಲ್ಲಿನ ಒಂದು ಕಟ್ಟು, ಬುಡದಲ್ಲಿ ಮಣ್ಣು.

"ನಾನು ತೊಳೀತೀನಿ, ಬಿಡಿ," ಎಂದಳು ಸೊಸೆ. ಹೋಗುವ ದಿನವಾದರೂ ಒಳ್ಳೆಯವಳೆನಿಸಿಕೊಳ್ಳಬೇಕು.

ನಲ್ಲಿ ತಿರುಗಿಸಿ ಸೊಪ್ಪು ಕಿವುಚಿದಳು. ಬೋಗುಣಿಯಲ್ಲಿ ನೊರೆ ಎದ್ದಿತು. ಸುರಿದು ಮತ್ತೆ ನೀರು ಹಿಡಿದಳು. ಮತ್ತೆ ನೊರೆ. ಅಯ್ಯೋ ದೇವರೇ, ಹೋಗುವ ದಿನ ನಮಗೆಲ್ಲ ಸೋಪು ತಿನ್ನಿಸಿ ಹೋಗುವ ಹುನ್ನಾರವೇ ಇದು!

"ಇದಕ್ಕೇನ್ ಹಾಕಿದೀರಿ ನೀವು?"

"ನಾನೇನ್ ಹಾಕ್ಲಿ?" ಸುಯಿಂಗ್ ಹಿಟ್ಟಿನಿಂದ ತಲೆಯೆತ್ತಲಿಲ್ಲ. "ನಾಕು ನೀರಲ್ಲಿ ತೊಳಿ. ಆ ಪಾನ್ ಹಾಕೋ ಸೋಪು ಅಷ್ಟು ಬೇಗ ಬಿಡಲ್ಲ. ಅಲ್ಲೂ ದಿನಾ ಬೆಳಿಗ್ಗೆ ತೊಳ್ದೂ ತೊಳ್ದೂ ನನ್ ಸೊಂಟ ಬಿತ್ತು."

"ಅಲ್ಲೂ ಅಂದ್ರೆ ಎಲ್ಲಿ? ಎಲ್ಲಿಂದ ತಂದ್ರಿ ಇದನ್ನ?"

ಮುದುಕಿ ನಾದುವುದನ್ನು ನಿಲ್ಲಿಸಿದಳು. ಆಮೇಲೆ, ಹೇಗೂ ಹೊರಟವಳು, ಇನ್ನು ಮುಚ್ಚಿಟ್ಟು ಏನು ಎಂಬಂತೆ ಒಂದು ಥರ ನಕ್ಕಳು.

"ಕೆಳಗಿಂದ. ನಿನ್ ಗಂಡನ ತೋಟದಿಂದ. ಅವನು ಅಗೆಸಿ ಎಸೆದಿದ್ನಲ್ಲ, ಮಣ್ಣಿನ ರಾಶೀಲಿ ಬೇರು ಹುಡುಕಿ ತೆಗೆದಿಟ್ಟಿದ್ದೆ. ಅವರು ಆ ಶೋಕಿ ಹುಲ್ಲು ನೆಟ್ಟ ಮೇಲೆ ಅದರ ನಡುವೆ ಊರಿದೆ. ಎರಡೂ ಒಂದೇ ಥರ ಕಾಣುತ್ತೆ, ಆ ಚಿಯಾವೋ ಮೇಡಂ ಅದರ ಪಕ್ಕದಲ್ಲೇ ನಿಂತು ಭಾಷಣ ಬಿಗಿದ್ಲು, ಗೊತ್ತಾಗ್ಲಿಲ್ಲ ಅವಳಿಗೆ. ಬಾಯಿಬಿಟ್ರೆ ಕಿತ್ತು ಹಾಕ್ತೀರಿ, ಮುಖ್ಯಸ್ಥನ ತಾಯೇ ಕದ್ದು ಬೆಳೀತಾಳೆ ಅಂತ ಅವನ ಮಾನಾನೂ ಹೋಗುತ್ತೆ. ಅದಕ್ಕೇ ಸುಮ್ಮನಿದ್ದೆ. ಬೆಳಿಗ್ಗೆ ಹೋಗಿ ನೋಡಿದ್ರೆ ಎಲೆಗೆಲ್ಲ ನೊರೆ. ನೀರು ಹಾಕಿ ತೊಳೀತಿದ್ದೆ. ಬರೀ ನೀರು ಅಂತ ಹೇಳ್ಲಿಲ್ವಾ ನಾನು?"

ವೆನ್‌ಜುವಾನ್ ಬೋಗುಣಿಯ ಕಡೆ ಬಗ್ಗಿದಳು. ಬೆಳ್ಳುಳ್ಳಿಯ ಘಾಟಿನ ಜೊತೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಲ್ಯಾವೆಂಡರ್. ತಲೆದಿಂಬಿನ ವಾಸನೆ, ಯಾಯಾಳ ಕಾಲರಿನ ವಾಸನೆ, ಮೆಟ್ಟಿಲವರೆಗೂ ಬರುತ್ತದೆಂದು ತಾನೇ ಹೆಮ್ಮೆಪಟ್ಟ ವಾಸನೆ. ಬಾಲ್ಕನಿಯಲ್ಲಿ ಮಿಷನ್ನು ಗಡಗಡ ಎಂದು ನೀರು ಹೊರಹಾಕತೊಡಗಿತು. ಅವಳು ತಿರುಗಿ ನೋಡಿದಳು. ಅದರ ರಬ್ಬರ್ ಕೊಳವೆ ಎಂದಿನಂತೆ ಬಾಲ್ಕನಿಯ ಮೂಲೆಯ ಮಳೆಕೊಳವೆಯ ತೂತಿನೊಳಗೆ ಹೋಗಿತ್ತು.

ಕಾಮಗಾರಿಯವರು ಚಳಿಗಾಲದಲ್ಲಿ ಬಂದು ಕೇಳಿದ್ದರು, ಮಿಷನ್ನಿನ ನೀರು ಮಳೆಕೊಳವೆಗೆ ಬಿಟ್ಟಿದ್ದೀರಾ, ಬಿಟ್ಟಿದ್ದರೆ ಬೇರೆ ಕೊಳವೆ ಹಾಕಿಕೊಡುತ್ತೇವೆ, ಗೋಡೆ ಸ್ವಲ್ಪ ಒಡೆಯಬೇಕು ಎಂದು. ಆಗ ತಾನೇ ಬಾಲ್ಕನಿಗೆ ಹೊಸ ಟೈಲ್ಸ್ ಹಾಕಿಸಿತ್ತು. ನನ್ನ ಗೋಡೆ ಮುಟ್ಟಿದರೆ ನೋಡು ಎಂದು ಶಿಲಿನ್‌ಗೆ ಹೇಳಿದ್ದು ಅವಳೇ. ಅವನು ಹೊರಗೆ ಹೋಗಿ, ನಮ್ಮ ಕಟ್ಟಡದಲ್ಲಿ ಯಾರದ್ದೂ ಇಲ್ಲ ಎಂದು ಎಲ್ಲರ ಪರವಾಗಿ ಹೇಳಿ ಕಳಿಸಿದ್ದ. ಆ ಮಾತನ್ನು ಇಬ್ಬರೂ ಅವತ್ತೇ ಮರೆತಿದ್ದರು.

"ಏನಾಯ್ತೇ? ಬಿಳುಚಿಕೊಂಡಿದೀಯ?" ಎಂದಳು ಸುಯಿಂಗ್.

"ಏನಿಲ್ಲ."

ಏನಿಲ್ಲ ಎಂದಿತು ಬಾಯಿ. ಮುದುಕಿಗೆ ವಾಸನೆ ತಿಳಿಯುವುದಿಲ್ಲ. ಹತ್ತೂವರೆಗೆ ಬಸ್ಸು. ಗಂಟುಮೂಟೆ ಬಾಗಿಲಲ್ಲಿದೆ, ಓದುವ ಮೇಜು ಬಂದು ಹಜಾರದಲ್ಲಿ ಕಾದಿದೆ. ಅತ್ತೆ ಬಸ್ಸು ಹತ್ತಿದ ಮೇಲೆ ಕೊಳವೆಯನ್ನು ಮೆಲ್ಲಗೆ ಬಚ್ಚಲಿಗೆ ತಿರುಗಿಸಿಬಿಟ್ಟರೆ ಗಿಡ ಚಿಗುರುತ್ತದೆ. ಊರು ಏನನ್ನುತ್ತದೆ? ನೋಡಿದಿರಾ, ಮುದುಕಿ ಹೋದಳು, ತೋಟ ಬದುಕಿತು ಎನ್ನುತ್ತದೆ. ಯಾರೂ ಯಾವತ್ತೂ ಕೇಳುವುದಿಲ್ಲ. ವೆನ್‌ಜುವಾನ್ ಸೊಪ್ಪನ್ನು ಹಲಗೆಯ ಮೇಲಿಟ್ಟು ಕೊಚ್ಚಿದಳು. ನಾಚಿಕೆಯಾಗುತ್ತಿತ್ತು, ಆದರೂ ಕೊಚ್ಚಿದಳು.

ಕಡುಬು ಬೆಂದು ಮೇಜಿಗೆ ಬಂತು. ಶಿಲಿನ್ ವಿನೆಗರ್ ಬಡಿಸಿದ. ಯಾಯಾ ಒಂದನ್ನು ಬಾಯಿಗಿಟ್ಟವಳೇ ಥೂ ಎಂದು ತಟ್ಟೆಗೆ ಉಗಿದಳು.

"ಸೋಪು! ಅಜ್ಜೀ, ಇದರಲ್ಲಿ ಸೋಪಿದೆ!"

ಶಿಲಿನ್ ಒಂದು ಅಗಿದು, ಕಷ್ಟಪಟ್ಟು ನುಂಗಿ, ಕಡ್ಡಿ ಕೆಳಗಿಟ್ಟ. ಅವನ ಮುಖ ಕಪ್ಪಿಟ್ಟಿತು. "ಅಮ್ಮ, ಹೊರಡೋ ದಿನಾನೂ ಬಿಡಲಿಲ್ವಾ ನೀನು? ಗಿಡ ಆಯ್ತು, ಈಗ ಮಕ್ಕಳು ಮರೀಗೂನಾ?"

ಸುಯಿಂಗ್ ಒಂದು ಕಡುಬು ತೆಗೆದು ತಿಂದಳು. ಅವಳಿಗೇನೂ ತಿಳಿಯಲಿಲ್ಲ. ಮಗನ ಮುಖ, ಮೊಮ್ಮಗಳ ಮುಖ ನೋಡಿದಳು. ತನ್ನ ಪರವಾಗಿ ಮಾತಾಡಿದ್ದ ಒಬ್ಬಳೇ ಒಬ್ಬಳು, ಆ ಹುಡುಗಿ, ಈಗ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಿದ್ದಳು. ಮುದುಕಿಯ ಕಣ್ಣು ತುಂಬಿತು. "ನಾಕು ನೀರಲ್ಲಿ ತೊಳಿ ಅಂತ ಹೇಳಿದ್ದೆ," ಎಂದಳು, ಅಷ್ಟೇ.

ಅದನ್ನು ವೆನ್‌ಜುವಾನಳ ಕೈಯಲ್ಲಿ ತಡೆಯಲಾಗಲಿಲ್ಲ.

"ಮೂಸು," ಎಂದಳು ಮಗಳಿಗೆ. "ಸರಿಯಾಗಿ ಮೂಸಿ ಹೇಳು, ಯಾವ ಸೋಪು?"

ಯಾಯಾ ಮೂಸಿದಳು. ಆಮೇಲೆ ತನ್ನ ತೋಳಿನ ಬಟ್ಟೆ ಮೂಸಿದಳು. "ಅಮ್ಮ... ಇದು ನಮ್ದೇ."

"ಎಲ್ಲರೂ ಕೆಳಗೆ ಹೋಗಿ. ಬೆಣಚುಕಲ್ಲು ಹತ್ರ ನಿಂತ್ಕೊಳ್ಳಿ. ಹೋಗಿ ಅಂದೆನಲ್ಲ!"

ಅವರು ಇಳಿದರು. ವೆನ್‌ಜುವಾನ್ ಮಿಷನ್ನಿಗೆ ನೀರು ತುಂಬಿಸಿ, ಸೋಪಿನ ದ್ರವ ಹೊಯ್ದು, ಎರಡು ಸುತ್ತು ತಿರುಗಿಸಿ ನೀರು ಬಿಟ್ಟಳು. ಬಾಲ್ಕನಿಯಿಂದ ಬಗ್ಗಿ ನೋಡಿದಳು. ಕೆಳಗೆ ಕಲ್ಲುಗಳ ಸಂದಿಯಿಂದ ಬಿಳಿಯ ನೊರೆ ಉಕ್ಕಿ, ಹಳದಿ ಹುಲ್ಲಿನ ನಡುವೆ ಹರಡಿತು. ಶಿಲಿನ್ ತಲೆಯ ಮೇಲೆ ಕೈಹೊತ್ತು ಮೇಲೆ ನೋಡಿದ. ಪಾನ್ ಮುದುಕ ಬನಿಯನ್ನಿನಲ್ಲೇ ಓಡಿಬಂದ.

"ಸಿಕ್ತಾ! ಸಿಕ್ತಾ ಈಗ! ಯಾರದಿದು?"

"ನಂದು!" ಎಂದು ವೆನ್‌ಜುವಾನ್ ಮೂರನೇ ಮಹಡಿಯಿಂದ ಕೂಗಿದಳು. ಸುಯಿಂಗಳನ್ನು ಬಯ್ದದ್ದು ಹತ್ತು ಜನರ ಮುಂದೆ, ಇದೂ ಹತ್ತು ಜನರಿಗೆ ಕೇಳಲಿ ಎಂದು ಗಂಟಲೆತ್ತಿ ಕೂಗಿದಳು. "ನನ್ ಮಿಷನ್ನಿಂದು! ಅಮ್ಮ ಹಾಕಿದ್ದು ಬರೀ ನೀರು. ಕಣ್ಣಾರೆ ನೋಡಿದೆ ಅಂದಿದ್ನಲ್ಲ, ನನ್ ಕಣ್ಣಿಗೆ ಮಣ್ಣು ಬಿದ್ದಿತ್ತು! ಪಾನ್ ಮಾವ, ನಿಮ್ ಮನೆ ಮಿಷನ್ ನೀರು ಎಲ್ಲಿಗೆ ಹೋಗುತ್ತೆ, ಸ್ವಲ್ಪ ಹೇಳಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಪಾನ್ ತನ್ನ ಬಾಲ್ಕನಿಯ ಕಡೆ ತಿರುಗಿ ನೋಡಿದ. ಅವನ ಮಿಷನ್ನಿನ ಕೊಳವೆಯೂ ಅದೇ ಮಳೆಕೊಳವೆಯ ತೂತಿನಲ್ಲಿತ್ತು. ಬಗ್ಗಿ ನೋಡುತ್ತಿದ್ದ ನಾಲ್ಕನೇ ಮಹಡಿಯವರು, ಐದನೆಯವರು, ಆರನೆಯವರು ಒಬ್ಬೊಬ್ಬರೇ ಒಳಕ್ಕೆ ಸರಿದು ಬಾಲ್ಕನಿಯ ಬಾಗಿಲು ಹಾಕಿಕೊಂಡರು.

ಶಿಲಿನ್ ಮೇಲೆ ಬಂದಾಗ ಅವನ ಮುಖ ನೋಡುವ ಹಾಗಿರಲಿಲ್ಲ. "ನಾನೇ ಹೇಳಿದ್ದೆ ಅವರಿಗೆ, ನಮ್ಮಲ್ಲಿ ಯಾರದ್ದೂ ಇಲ್ಲ ಅಂತ," ಎಂದ.

"ಹೇಳ್ಸಿದ್ದು ನಾನು. ಚಿಯಾವೋ ಮೇಡಂಗೆ ಫೋನ್ ಮಾಡು, ಬಂದು ಒಡೀಲಿ. ಟೈಲ್ಸ್ ಹೋದ್ರೆ ಹೋಗ್ಲಿ. ಮೊದಲು ನಮ್ಮ ಗೋಡೆ, ಆಮೇಲೆ ಊರಿನ ಗೋಡೆ."

"ಹತ್ತೂವರೆ ಬಸ್ಸು?" ಎಂದು ಕೇಳಿದಳು ಬಾಗಿಲಲ್ಲೇ ನಿಂತಿದ್ದ ಸುಯಿಂಗ್. ಗಂಟು ಆಗಲೇ ಅವಳ ಕೈಯಲ್ಲಿತ್ತು.

ವೆನ್‌ಜುವಾನ್ ಕಡುಬಿನ ತಟ್ಟೆಗಳನ್ನೆಲ್ಲ ಎತ್ತಿ ಕಸದ ಡಬ್ಬಿಗೆ ಸುರಿದಳು. ಒಲೆಯ ಮೇಲೆ ನೀರಿಟ್ಟಳು. ನೂಡಲ್ಸ್ ಬೇಯಿಸಿ, ಮೇಲೊಂದು ಮೊಟ್ಟೆ ಹಾಕಿ, ದೊಡ್ಡ ಬಟ್ಟಲಲ್ಲಿ ತಂದು ಮೇಜಿನ ಮೇಲೆ ಹಿರಿಯರ ಜಾಗದಲ್ಲಿಟ್ಟಳು. ಅತ್ತೆಯ ಕೈಯಿಂದ ಗಂಟು ಕಿತ್ತುಕೊಂಡು ಗೂಡಿನೊಳಗೆ, ಮಂಚದ ಮೇಲೆ ಹಾಕಿ ಬಂದಳು.

"ಕೂತ್ಕೊಳ್ಳಿ ಅಮ್ಮ. ತಿನ್ನಿ."

ಮುದುಕಿ ಬಟ್ಟಲನ್ನು ನೋಡಿದಳು. ಸೊಸೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ನಿಧಾನವಾಗಿ ಕೂತು, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಮೊಮ್ಮಗಳ ಮೂಗಿನ ಕೆಳಗೆ ಹಿಡಿದಳು.

"ಮೂಸಿ ಹೇಳು ಮಗೂ," ಎಂದಳು. "ಇದಕ್ಕೇನ್ ಹಾಕಿದಾಳೆ ನಿಮ್ಮಮ್ಮ?"